ಅನುಮಾನಕ್ಕೆ ಅಳತೆ: ಡರ್ಟ್ ಟ್ರ್ಯಾಕ್ ಪರಿಶೀಲಕನಾಗಿ ನನ್ನ ಅನುಭವ

ತುಮಕೂರಿನ ಅಂತರಸನಹಳ್ಳಿಯಲ್ಲಿ ಇಂಜಿನ್ ರೀಬೋರಿಂಗ್ ಕೆಲಸ ಮಾಡಿಕೊಂಡಿರುವ ನಾನು, ಸುತ್ತಮುತ್ತ ನಡೆಯುವ ಡರ್ಟ್ ಟ್ರ್ಯಾಕ್ (ಮಣ್ಣಿನ ಹಾದಿಯ) ಬೈಕ್ ಪಂದ್ಯಗಳಿಗೆ ಹಲವು ವರ್ಷಗಳಿಂದ ತಾಂತ್ರಿಕ ಪರಿಶೀಲಕನಾಗಿ ಹೋಗುತ್ತಿದ್ದೇನೆ. ಒಂದೇ ತಂಡ ಸಾಲಾಗಿ ಗೆಲ್ಲತೊಡಗಿದರೆ ಪಿಟ್‌ನಲ್ಲಿ ಗುಸುಗುಸು ಹುಟ್ಟುತ್ತದೆ. ಆ ಗುಸುಗುಸುವನ್ನು ಅಳತೆಯವರೆಗೆ ತಂದು ಮುಟ್ಟಿಸುವುದೇ ನನ್ನ ಹೊಣೆಯೆಂದು ತಿಳಿದು ಈ ಕೆಲಸ ಮಾಡುತ್ತಿದ್ದೇನೆ.

ಒಂದು ಭಾನುವಾರ, 150 ಸಿಸಿ ವರ್ಗದಲ್ಲಿ ಒಂದೇ ತಂಡದ ಇಬ್ಬರು ಸತತ ಮೂರನೆಯ ಪಂದ್ಯದಲ್ಲೂ ಮೊದಲ ಎರಡು ಸ್ಥಾನ ಪಡೆದಾಗ, ಸೋತವರು ಇಂಜಿನ್ ಗಾತ್ರ 150 ಸಿಸಿ ಮೀರಿದೆಯೆಂದು ಠೇವಣಿ ಕಟ್ಟಿ ಲಿಖಿತ ದೂರು ಕೊಟ್ಟರು. ಗೆದ್ದ ಹುಡುಗ ಬೇಸರಪಡಲಿಲ್ಲ. "ಬಿಚ್ಚಿ ನೋಡಿ ಅಣ್ಣ, ಆದರೆ ಎಲ್ಲರ ಎದುರೇ ಬಿಚ್ಚಿ" ಎಂದಷ್ಟೇ ಹೇಳಿದ.

ನಾನು ಸಿಲಿಂಡರಿನ ಮೇಲ್ಮುಚ್ಚಳವಾದ ಹೆಡ್ ಬಿಚ್ಚಿಸಿದೆ, ಆದರೆ ಒಳವ್ಯಾಸ ಅಳೆಯುವ ಬೋರ್ ಗೇಜನ್ನು ಪೆಟ್ಟಿಗೆಯಿಂದ ತೆಗೆಯಲಿಲ್ಲ. ಸಿಲಿಂಡರ್ ಕೈಗೆ ತಣ್ಣಗೆ ತಾಗುವವರೆಗೆ ಎಲ್ಲರನ್ನೂ ಕಾಯಿಸಿದೆ. ಈ ಕೆಲಸಕ್ಕೆ ಬಂದ ಮೊದಲ ವರ್ಷ ಬಿಸಿ ಇಂಜಿನ್ನನ್ನೇ ಅಳೆದು ಒಬ್ಬ ಸವಾರನನ್ನು ಅನರ್ಹಗೊಳಿಸಿದ್ದೆ. ಮರುದಿನ ನನ್ನ ಅಂಗಡಿಯಲ್ಲಿ ಅದೇ ಸಿಲಿಂಡರನ್ನು ಅಳೆದಾಗ ಅದು ಮಿತಿಯೊಳಗೇ ಇತ್ತು, ಆದರೆ ಬಹುಮಾನ ಆಗಲೇ ಬೇರೆಯವನ ಪಾಲಾಗಿತ್ತು. ಆ ತಪ್ಪು ಇಂದಿಗೂ ನನ್ನನ್ನು ನೋಯಿಸುತ್ತದೆ. ಸಿಲಿಂಡರಿನ ಒಳಗಿರುವ 57 ಮಿಲಿಮೀಟರಿನ ಕಬ್ಬಿಣದ ಕೊಳವೆ, ಅಂದರೆ ಸ್ಲೀವ್, 80 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು 0.05 ಮಿಲಿಮೀಟರ್ ಹಿಗ್ಗುತ್ತದೆ, 150ರ ಅಂಚಿನಲ್ಲಿರುವ ಇಂಜಿನ್ನನ್ನು ಮಿತಿಯಾಚೆ ತೋರಿಸಲು ಅಷ್ಟೇ ಸಾಕು.

ತಣ್ಣಗಾದ ಮೇಲೆ ಸಿಲಿಂಡರಿನ ಒಳಗೋಡೆಯ ಕರಿಯನ್ನು ಒರೆಸಿ, ಗೇಜಿನ ಮುಳ್ಳನ್ನು ಮೈಕ್ರೋಮೀಟರಿನಲ್ಲಿ 57.00ಕ್ಕೆ ಹೊಂದಿಸಿ, ಮೇಲೆ, ನಡುವೆ, ಕೆಳಗೆ, ಪ್ರತಿ ಕಡೆಯೂ ಅಡ್ಡಲಾಗಿ ಎರಡು ಬಾರಿ, ಒಟ್ಟು ಆರು ಅಳತೆ ತೆಗೆದೆ. ಅತಿ ಹೆಚ್ಚಿನದು 57.02. ಪಿಸ್ಟನ್ ಮೇಲ್ತುದಿಯಿಂದ ಕೆಳತುದಿಗೆ ಇಳಿಯುವ ದೂರ 58.7. ಸಿಲಿಂಡರಿನ ವೃತ್ತದ ವಿಸ್ತೀರ್ಣವನ್ನು ಈ ದೂರದಿಂದ ಗುಣಿಸಿದರೆ 149.9 ಸಿಸಿ. ಅರ್ಧ ಮಿಲಿಮೀಟರ್ ಓವರ್‌ಸೈಜ್ ಪಿಸ್ಟನ್ ಕೂರಿಸಿದ್ದರೂ ಅದು 152 ದಾಟುತ್ತಿತ್ತು.

ಬಿಚ್ಚುವಾಗ ನಾನೇ ಪಕ್ಕದಲ್ಲಿ ನಿಲ್ಲುವುದೇಕೆಂದು ಹೊಸಬರು ಕೇಳುತ್ತಾರೆ. ಅವರಿಗೆ ನಾನು 1995ರ ಟೊಯೊಟಾ ಪ್ರಕರಣವನ್ನು ಹೇಳುತ್ತೇನೆ. ವಿಶ್ವ ರ್ಯಾಲಿ ಚಾಂಪಿಯನ್‌ಶಿಪ್‌ನಲ್ಲಿ ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೋಗೆ ಹೋಗುವ ಗಾಳಿಯೆಲ್ಲ ರಿಸ್ಟ್ರಿಕ್ಟರ್ ಎಂಬ 34 ಮಿಲಿಮೀಟರಿನ ಕಿರಿದಾದ ದಾರಿಯ ಮೂಲಕವೇ ಹಾಯಬೇಕಿತ್ತು. ಟೊಯೊಟಾದ ಸೆಲಿಕಾ ಕಾರಿನಲ್ಲಿ ಕೊಳವೆ ಕೂಡಿಸಿ ಕ್ಲಾಂಪ್ ಬಿಗಿದಾಗ ಒಳಗೊಂದು ಸಂದು ತೆರೆದುಕೊಂಡು, ರಿಸ್ಟ್ರಿಕ್ಟರನ್ನು ತಪ್ಪಿಸಿ ಹೆಚ್ಚುವರಿ ಗಾಳಿ ನುಗ್ಗುತ್ತಿತ್ತು. ಪರಿಶೀಲನೆಗೆಂದು ಕೊಳವೆ ಬಿಚ್ಚಿದರೆ ಸಂದು ತಾನಾಗಿ ಮುಚ್ಚಿ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ತಂಡ ಆ ವರ್ಷದ ಅಂಕಗಳನ್ನೆಲ್ಲ ಕಳೆದುಕೊಂಡು ಒಂದು ವರ್ಷದ ನಿಷೇಧಕ್ಕೆ ಒಳಗಾಯಿತು. ಬಿಚ್ಚಿ ಮೇಜಿನ ಮೇಲಿಟ್ಟ ಭಾಗ, ಓಡುವಾಗಿನ ಭಾಗವೇ ಎಂದು ನಂಬಬಾರದೆಂಬುದನ್ನು ನಾನು ಕಲಿತದ್ದು ಇಲ್ಲಿಂದ. ತೂಕದ ವಿಷಯವೂ ಹೀಗೆಯೇ. 2005ರಲ್ಲಿ ಇಮೋಲಾದಲ್ಲಿ ನಡೆದ ಫಾರ್ಮುಲಾ ಒನ್ ಕಾರು ಪಂದ್ಯದ ನಂತರ ಬಿಎಆರ್ ತಂಡದ ಕಾರಿನ ಇಂಧನವನ್ನು ಪೂರ್ತಿ ಬಸಿದಾಗ ತೂಕ 594.6 ಕಿಲೋಗೆ ಇಳಿಯಿತು, ಕನಿಷ್ಠ 600 ಇರಬೇಕಿತ್ತು. ನಾನೂ ಟ್ಯಾಂಕ್ ಖಾಲಿ ಮಾಡಿಸದೆ ಬೈಕ್ ತೂಗುವುದಿಲ್ಲ.

ಆದರೆ ಗೆಲ್ಲುವವರೆಲ್ಲ ಕಳ್ಳರಲ್ಲ. 2009ರ ಫಾರ್ಮುಲಾ ಒನ್‌ನಲ್ಲಿ ಮೊದಲ ಏಳು ಪಂದ್ಯಗಳಲ್ಲಿ ಆರನ್ನು ಗೆದ್ದ ಬ್ರಾನ್ ತಂಡದ ಡಬಲ್ ಡಿಫ್ಯೂಸರ್ (ಕಾರಿನಡಿಯ ಗಾಳಿಯನ್ನು ಹಿಂದಕ್ಕೆ ಹಾಯಿಸಿ ಕಾರನ್ನು ನೆಲಕ್ಕೆ ಒತ್ತುವ ಭಾಗ) ಮೇಲೆ ಆರಂಭದಲ್ಲೇ ದೂರು ಹೋಗಿತ್ತು; ಮೇಲ್ಮನವಿ ನ್ಯಾಯಾಲಯ ಆ ವಿನ್ಯಾಸ ನಿಯಮಬದ್ಧವೆಂದು ಬಹಿರಂಗವಾಗಿ ತೀರ್ಪು ಕೊಟ್ಟಿತು. ಇನ್ನೊಂದೆಡೆ, 2019ರ ಫೆರಾರಿ ಇಂಜಿನ್ ಬಗ್ಗೆ ವಿಶ್ವ ಮೋಟಾರ್ ಕ್ರೀಡಾ ಸಂಸ್ಥೆ ಎಫ್‌ಐಎ ನಡೆಸಿದ ತನಿಖೆ 2020ರಲ್ಲಿ ಒಪ್ಪಂದದಲ್ಲಿ ಮುಗಿಯಿತು, ಆದರೆ ಅದರ ವಿವರಗಳನ್ನು ಹೊರಗೆ ಬಿಡಲಿಲ್ಲ. ಅದನ್ನು ನಾನು ಒಪ್ಪಲಾರೆ. ತಪ್ಪಿದ್ದರೆ ಗೆದ್ದವರಿಗೂ ಸೋತವರಿಗೂ ತಿಳಿಯಬೇಕು. ತಪ್ಪಿಲ್ಲದಿದ್ದರೆ ಅದು ಇನ್ನೂ ಜೋರಾಗಿ ತಿಳಿಯಬೇಕು, ಏಕೆಂದರೆ ಮುಚ್ಚಿಟ್ಟ ಫಲಿತಾಂಶದಿಂದ ನಿರಪರಾಧಿಯ ಮೇಲಿನ ಅನುಮಾನವೂ ಕರಗುವುದಿಲ್ಲ.

ಆದ್ದರಿಂದ ಆ ಭಾನುವಾರ ಆರೂ ಅಳತೆಗಳನ್ನು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ದೂರು ಕೊಟ್ಟ ತಂಡದ ಮೆಕ್ಯಾನಿಕ್ ಮೊಬೈಲಿನಲ್ಲಿ ಲೆಕ್ಕ ಹಾಕಿ, "ಸಾರ್, ಗೇಜು ನನಗೊಮ್ಮೆ ಕೊಡಿ" ಎಂದರು. ಕೊಟ್ಟೆ. ಅವರು ಮೇಲಿನ ಅಳತೆಯನ್ನು ಎರಡು ಸಲ ತೆಗೆದು, ಎರಡು ಸಲವೂ 57.02 ನೋಡಿ, ಗೇಜನ್ನು ಬಟ್ಟೆಯಲ್ಲಿ ಒರೆಸಿ ನನ್ನ ಕೈಗಿತ್ತರು. ಆಮೇಲೆ ಗೆದ್ದ ಬೈಕಿನ ಹಿಂದೆ ಮಂಡಿಯೂರಿ ಕುಳಿತು, ಚೈನ್ ಕೂರುವ, ಮಣ್ಣು ಮೆತ್ತಿದ ಹಲ್ಲುಚಕ್ರದ, ಅಂದರೆ ಸ್ಪ್ರಾಕೆಟ್ಟಿನ ಹಲ್ಲುಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ಎಣಿಸತೊಡಗಿದರು. ಹಿಂದಿನ ಸ್ಪ್ರಾಕೆಟ್ಟಿನಲ್ಲಿ ಹಲ್ಲು ಹೆಚ್ಚಿದಷ್ಟೂ ಬೈಕ್ ಚುರುಕಾಗಿ ಮುನ್ನುಗ್ಗುತ್ತದೆ. ನಮ್ಮ ನಿಯಮದಲ್ಲಿ ಸ್ಪ್ರಾಕೆಟ್ ಬದಲಿಸಲು ಯಾವ ಅಡ್ಡಿಯೂ ಇಲ್ಲ.

"ನಿಮ್ಮದಕ್ಕಿಂತ ಎರಡು ಹಲ್ಲು ಜಾಸ್ತಿ ಅಣ್ಣ" ಎಂದ ಆ ಹುಡುಗ, ಅವರು ಎಣಿಸಿ ಮುಗಿಸುವ ಮೊದಲೇ.