ಚೆಂಡು ಕೈಬಿಟ್ಟ ರಿಸೀವರನ್ನು ಕೈಬಿಡುವ ಮುನ್ನ

ಅಮೆರಿಕನ್ ಫುಟ್‌ಬಾಲಿನ ಎನ್‌ಎಫ್‌ಎಲ್ ಲೀಗಿನಲ್ಲಿ ರಿಸೀವರ್ ಆಗಿ, ಅಂದರೆ ಎಸೆದ ಚೆಂಡನ್ನು ಓಡಿ ಹಿಡಿಯುವವನಾಗಿ, ಎರಡು ಸೀಸನ್ ಆಡಿ ಹೆಸರು ಕೆಡಿಸಿಕೊಂಡ ಹುಡುಗ ಇನ್ನೂ ಮೇಲೆ ಬರುತ್ತಾನಾ ಇಲ್ಲವಾ ಅನ್ನೋದು ಅವನ ಕ್ಯಾಚುಗಳ ಲೆಕ್ಕದಲ್ಲಿ ಸಿಗುವುದಿಲ್ಲ. ಚೆಂಡು ಅವನ ಕಡೆ ಹೊರಡುವ ಮೊದಲು ಅವನ ಕಾಲು ಏನು ಮಾಡುತ್ತೆ ಅನ್ನೋದರಲ್ಲಿ ಸಿಗುತ್ತೆ. ಡೈನಸ್ಟಿ ಲೀಗಿನಲ್ಲಿ (ನಿಜವಾದ ಆಟಗಾರರನ್ನು ವರ್ಷದಿಂದ ವರ್ಷಕ್ಕೆ ಇಟ್ಟುಕೊಂಡು ಆಡುವ ಫ್ಯಾಂಟಸಿ ಆಟ) ನಾನು ವರ್ಷಗಳಿಂದ ಇದೊಂದನ್ನೇ ಹಿಡಿದುಕೊಂಡು ಆಡುತ್ತಿದ್ದೇನೆ. "ಟೇಪ್ ನೋಡ್ತಾ ಕೂತ್ರೆ ಲೀಗ್ ಗೆಲ್ಲಕ್ಕಾಗಲ್ಲ ಗುರೂ, ಶೀಟ್ ನೋಡು" ಅಂತ, ಅಂದರೆ ಪಂದ್ಯದ ವಿಡಿಯೋ ಬಿಟ್ಟು ಅಂಕಿಗಳ ಪಟ್ಟಿ ನೋಡು ಅಂತ, ಜೊತೆಯವರು ಹೇಳುತ್ತಲೇ ಬಂದರು. 2024ರ ಸೀಸನ್ನಿಗೆ ಜೆರ್ರಿ ಜೂಡಿ, ಕ್ವೆಂಟಿನ್ ಜಾನ್‌ಸ್ಟನ್ ಇಬ್ಬರೂ ನನ್ನ ತಂಡದಲ್ಲಿದ್ದರು. ಇಬ್ಬರಿಗೂ ಸೇರಿ ನಾನು ಕೊಟ್ಟಿದ್ದು ಎರಡನೇ ಸುತ್ತಿನದೊಂದು, ಮೂರನೇ ಸುತ್ತಿನದೊಂದು ರೂಕಿ ಪಿಕ್ (ಹೊಸ ಆಟಗಾರನನ್ನು ಆರಿಸಿಕೊಳ್ಳುವ ಸರದಿ). ಈಗ ಅದೇ ಜನ ಹೇಗೆ ನೋಡೋದು ಅಂತ ಕೇಳುತ್ತಿದ್ದಾರೆ. ರೂಟ್ (ರಿಸೀವರ್ ಓಡುವ ಗೊತ್ತಾದ ದಾರಿ), ಕವರೇಜ್ (ಎದುರಾಳಿ ಅವನನ್ನು ಕಾಯುವ ರೀತಿ) ಇಷ್ಟು ಗೊತ್ತಿದ್ದರೆ ಸಾಕು, ನೇರ ವಿಷಯಕ್ಕೆ ಬರ್ತೀನಿ.

ಮೊದಲು ದುಡ್ಡಿನ ಮಾತು, ಯಾಕಂದರೆ ತಂಡಗಳೇ ಇದರಲ್ಲಿ ಎಡವುತ್ತವೆ. 2020ರ ಡ್ರಾಫ್ಟಿನಲ್ಲಿ (ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳೋದು) 15ನೆಯವನಾಗಿ ಹೋದ ಜೂಡಿ ಡೆನ್ವರ್‌ನಲ್ಲಿ ನಾಲ್ಕು ಸೀಸನ್ ಆಡಿ ಒಂದು ಸೀಸನ್ನಿನಲ್ಲೂ ಸಾವಿರ ಯಾರ್ಡ್ (ಚೆಂಡು ಹಿಡಿದು ಗಳಿಸಿದ ದೂರ) ಮುಟ್ಟಲಿಲ್ಲ. 2024ರ ಮಾರ್ಚಿನಲ್ಲಿ ಅವನನ್ನು ಕ್ಲೀವ್‌ಲ್ಯಾಂಡಿಗೆ ಐದನೇ ಮತ್ತು ಆರನೇ ಸುತ್ತಿನ ಒಂದೊಂದು ಪಿಕ್‌ಗೆ ಕೊಟ್ಟುಬಿಟ್ಟರು. ಅಲ್ಲಿ ಮೊದಲ ವರ್ಷವೇ 90 ಕ್ಯಾಚ್, 1229 ಯಾರ್ಡ್. ಇನ್ನೊಂದು ಕಡೆ, 2019ರಲ್ಲಿ ಮೊದಲ ಸುತ್ತಿನ ಕೊನೆಯಲ್ಲಿ ನ್ಯೂ ಇಂಗ್ಲೆಂಡ್ ಆರಿಸಿದ ನಕೀಲ್ ಹ್ಯಾರಿ ಮೂರು ವರ್ಷದ ನಂತರ ಒಂದು ಏಳನೇ ಸುತ್ತಿನ ಪಿಕ್‌ಗೆ ಶಿಕಾಗೊಗೆ ಹೋದ, ಅಲ್ಲೂ ಏಳಲಿಲ್ಲ. ಸ್ಟ್ಯಾಟ್ ಶೀಟಿನಲ್ಲಿ ಇಬ್ಬರಿಗೂ ಒಂದೇ ಹಣೆಪಟ್ಟಿ: ನಿರಾಶೆ. ಟೇಪಿನಲ್ಲಿ ಮಾತ್ರ ಇಬ್ಬರೂ ಬೇರೆ ಬೇರೆ ಜಾತಿಯ ಆಟಗಾರರು. ಜೂಡಿ ಡೆನ್ವರ್‌ನಲ್ಲೂ ಕಾರ್ನರ್‌ನಿಂದ (ರಿಸೀವರನ್ನು ಕಾಯುವ ಡಿಫೆಂಡರ್) ಬಿಡಿಸಿಕೊಂಡು ನಿಲ್ಲುತ್ತಿದ್ದ, ಚೆಂಡು ಬರುತ್ತಿರಲಿಲ್ಲ ಅಥವಾ ತಡವಾಗಿ ಬರುತ್ತಿತ್ತು. ಹ್ಯಾರಿ ಕಾಲೇಜಿನಲ್ಲಿ ಎದುರಾಳಿ ಮೈಮೇಲಿದ್ದಾಗಲೇ ಹಾರಿ ಹಿಡಿಯುತ್ತಿದ್ದವನು. ಹಾಗೆ ಹಿಡಿಯಬೇಕಾಗಿ ಬರುವುದೇ ಜಾಗ ಮಾಡಿಕೊಳ್ಳಲು ಬಾರದ್ದಕ್ಕೆ ಅನ್ನೋದನ್ನು ಬಹಳ ಜನ ಗಮನಿಸಲಿಲ್ಲ.

ಟೇಪ್ ಅಂದರೆ ಟಿವಿ ಪ್ರಸಾರ ಅಲ್ಲ. ಅದರಲ್ಲಿ ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತೆ, ಸ್ನ್ಯಾಪ್ (ಚೆಂಡು ಆಟಕ್ಕೆ ಬರುವ ಕ್ಷಣ) ಆದ ಒಂದು ಸೆಕೆಂಡಿಗೆ ರಿಸೀವರ್ ಫ್ರೇಮಿನಿಂದ ಹೊರಗೆ. ಎಲ್ಲ 22 ಆಟಗಾರರೂ ಕಾಣುವ ಆಲ್-22 ವಿಡಿಯೋ ಬೇಕೇ ಬೇಕು, ಅದಕ್ಕೆ ದುಡ್ಡು ಖರ್ಚಾಗುತ್ತೆ. ಸೈಡ್‌ಲೈನ್ ಕೋನದಲ್ಲಿ ರೂಟಿನ ಆಳ ಸಿಗುತ್ತೆ, ಎಂಡ್‌ಝೋನ್ ಕೋನದಲ್ಲಿ ಸೊಂಟ ಮತ್ತು ಭುಜ ಕಾಣುತ್ತೆ. ಎರಡನ್ನೂ ನೋಡದೆ ತೀರ್ಪು ಕೊಡಬಾರದು.

ನಾಲ್ಕು ಪಂದ್ಯ ಸಾಕು. ಯಾವ ನಾಲ್ಕು ಅನ್ನೋದು ಮುಖ್ಯ. ಎರಡನೇ ಸೀಸನ್ನಿನ ಸೆಪ್ಟೆಂಬರಿಂದ ಒಂದು, ನವೆಂಬರ್ ನಂತರದ್ದು ಮೂರು, ಮ್ಯಾನ್ ಕವರೇಜ್ (ಒಬ್ಬ ರಿಸೀವರ್‌ಗೆ ಒಬ್ಬ ಡಿಫೆಂಡರ್) ಹೆಚ್ಚು ಆಡುವ ತಂಡಗಳ ವಿರುದ್ಧದ್ದು. ಅವನು ಮಿಂಚಿದ ಪಂದ್ಯ ಮುಟ್ಟಬೇಡಿ. ಪಂದ್ಯಕ್ಕೆ ಮೂವತ್ತು ಮೂವತ್ತೈದು ರೂಟ್ ಓಡುತ್ತಾನೆ ಅಂದರೆ ಒಟ್ಟು ಸುಮಾರು 120. ಅದರಲ್ಲಿ ಮ್ಯಾನ್ ಎದುರು ನಲವತ್ತರ ಆಜುಬಾಜು, ಪ್ರೆಸ್ (ಕಾರ್ನರ್ ಲೈನಿನಲ್ಲೇ ಮೈಮೇಲೆ ಬಂದು ತಡೆಯೋದು) ಎದುರು ಬರೀ ಇಪ್ಪತ್ತು. ಆ ಇಪ್ಪತ್ತು ಸ್ನ್ಯಾಪುಗಳಿಗೆ ಉಳಿದ ನೂರಕ್ಕಿಂತ ಹೆಚ್ಚು ಹೊತ್ತು ಕೊಡಿ.

ಟೇಪ್ ನೋಡುತ್ತಾ ನನ್ನದೇ ಶೀಟಿನಲ್ಲಿ ನಾನು ಬರೆಯೋದು ಇಷ್ಟು: ಎಲ್ಲಿ ನಿಂತ (ಎಕ್ಸ್, ಝಡ್ ಅಂದರೆ ಹೊರಗಡೆಯ ಎರಡು ಜಾಗ, ಸ್ಲಾಟ್ ಅಂದರೆ ಒಳಗಿನ ಜಾಗ), ಕಾರ್ನರ್ ಎಷ್ಟು ದೂರ, ಪ್ರೆಸ್ ಇತ್ತಾ, ಯಾವ ಕಡೆಯಿಂದ ಬಿಡಿಸಿಕೊಂಡ, ರೂಟಿನ ನಂಬರ್ (ಒಂದೊಂದು ಬಗೆಯ ರೂಟಿಗೂ ಒಂದೊಂದು ನಂಬರ್), ತಿರುವಿನಲ್ಲಿ ಎಷ್ಟು ಹೆಜ್ಜೆ, ಬಿಡಿಸಿಕೊಂಡನಾ. ಕ್ಯಾಚ್ ಆಯಿತಾ ಅನ್ನುವ ಕಾಲಂ ಬೇಕೆಂದೇ ಇಟ್ಟಿಲ್ಲ. ಅದಿದ್ದರೆ ಕಣ್ಣು ಅದಕ್ಕೇ ಹೋಗುತ್ತೆ, ಉಳಿದದ್ದೆಲ್ಲ ಅದಕ್ಕೆ ತಕ್ಕ ಹಾಗೆ ಕಾಣತೊಡಗುತ್ತೆ. ಇನ್ನೂ ಒಂದು ಕಾಲಂ ಇದೆ, ಅದನ್ನು ಇಲ್ಲಿ ಬರೆಯಲ್ಲ. ನಮ್ಮ ಲೀಗಿನವರೂ ಇದನ್ನು ಓದುತ್ತಾರೆ.

"ಬಿಡಿಸಿಕೊಂಡನಾ" ಅನ್ನುವ ಕಾಲಂ ತುಂಬುವಾಗ ಎಲ್ಲರೂ ತಪ್ಪುವ ಜಾಗ ಒಂದಿದೆ. ಚೆಂಡು ಬಂದು ಮುಟ್ಟಿದ ಫ್ರೇಮಿನಲ್ಲಿ ನಿಲ್ಲಿಸಿ ಕಾರ್ನರ್ ಎಷ್ಟು ಹತ್ತಿರ ಇದ್ದಾನೆ ಅಂತ ನೋಡುತ್ತಾರೆ. ಅದು ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನ ಪರೀಕ್ಷೆ ಆಗುತ್ತೆ. ಕ್ವಾರ್ಟರ್‌ಬ್ಯಾಕ್ ಹಿಂದೆ ಸರಿದು ಹಿಂಗಾಲು ಊರಿದ ಫ್ರೇಮಿನಲ್ಲಿ ನಿಲ್ಲಿಸಿ. ಆ ಕ್ಷಣದಲ್ಲಿ ಕಾರ್ನರ್‌ನ ಚಾಚಿದ ಕೈಗೆ ಇವನು ಸಿಗುವುದಿಲ್ಲ ಅಂದರೆ ಬಿಡಿಸಿಕೊಂಡ. ಕೈ ತಾಗುತ್ತೆ ಅಂದರೆ ಸಮ. ಕಾರ್ನರ್ ಎದೆಗೆ ಎದೆ ಕೊಟ್ಟು ನಿಂತಿದ್ದರೆ ಸಿಕ್ಕಿಬಿದ್ದ. ಉದ್ದದ ರೂಟಿಗೆ ಆ ಹೊತ್ತಿಗೆ ತಿರುವೇ ಬಂದಿರಲ್ಲ, ಅಲ್ಲಿ ತಿರುವಾದ ಎರಡನೇ ಹೆಜ್ಜೆಗೆ ನಿಲ್ಲಿಸಬೇಕು. ಮ್ಯಾನ್ ಎದುರಿನ ನಲವತ್ತರಲ್ಲಿ ಇಪ್ಪತ್ತೈದು ಸಲ ಬಿಡಿಸಿಕೊಂಡವನ ಕ್ಯಾಚ್ ಎಷ್ಟೇ ಕಡಿಮೆ ಇರಲಿ, ನಾನು ಕೊಳ್ಳುತ್ತೇನೆ. ಹದಿನೈದಕ್ಕಿಂತ ಕೆಳಗಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಮಧ್ಯದವರಿಗೇ ಮುಂದಿನ ಕೆಲಸವೆಲ್ಲ.

ಪ್ರೆಸ್ ನೋಡುವಾಗ ಕೈ ನೋಡಬೇಡಿ, ಕಬಡ್ಡಿಯಲ್ಲಿ ರೇಡರ್‌ನ ಕಾಲು ನೋಡುವ ಹಾಗೆ ಕಾಲು ನೋಡಿ. ಆಟ ಶುರುವಾಗುವ ಲೈನಿನಿಂದ ಐದು ಯಾರ್ಡ್‌ವರೆಗೆ ಕಾರ್ನರ್ ಕೈ ಹಾಕಬಹುದು, ಆ ಐದು ಯಾರ್ಡಿನಲ್ಲೇ ಹುಡುಗನ ಬಂಡವಾಳ ಬಯಲಾಗುತ್ತೆ. ಬೆಳೆಯುವವನು ಮೊದಲು ಕಾಲಿಂದ ಕಾರ್ನರ್‌ನ ಸೊಂಟ ತಿರುಗಿಸುತ್ತಾನೆ, ಆಮೇಲೆ ಕೈಯಿಂದ ಅವನ ಕೈ ಹೊಡೆದು ಇಳಿಸುತ್ತಾನೆ, ದಾಟಿದ ಮೇಲೆ ಮತ್ತೆ ತನ್ನ ಗೆರೆಗೇ ಬಂದು ಕಾರ್ನರ್‌ನನ್ನು ಬೆನ್ನ ಹಿಂದೆ ಹಾಕಿಕೊಳ್ಳುತ್ತಾನೆ. ಬೆಳೆಯದವನು ನಿಂತಲ್ಲೇ ಪುಟಪುಟ ಕುಣಿದು ಒಂದು ಸೆಕೆಂಡ್ ಕಳೆಯುತ್ತಾನೆ, ಆಮೇಲೆ ಹೊರಗಡೆ ಓಡುತ್ತಾನೆ. ಇದರಲ್ಲಿ ಒಂದು ಅಳತೆ ಇದೆ: ನೇರ ಮುಂದಕ್ಕೆ ಓಡುವ ಗೋ ರೂಟಿನಲ್ಲಿ ಇಪ್ಪತ್ತು ಯಾರ್ಡ್ ಓಡಿದ ಮೇಲೆ ಸೈಡ್‌ಲೈನಿಗೂ ಅವನಿಗೂ ನಡುವೆ ಎಷ್ಟು ಜಾಗ ಉಳಿದಿದೆ? ನಾಲ್ಕೈದು ಯಾರ್ಡ್ ಇದ್ದರೆ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಅಲ್ಲಿ ಇಳಿಸಬಹುದು. ಎರಡಕ್ಕೆ ಇಳಿದಿದ್ದರೆ ಕಾರ್ನರ್ ಅವನನ್ನು ಗೆರೆಗೆ ಒತ್ತಿ ಆಗಿದೆ, ಎಸೆಯಲು ಜಾಗವೇ ಇಲ್ಲ. ನೋಡುವವರಿಗೆ ಕ್ವಾರ್ಟರ್‌ಬ್ಯಾಕ್ ಅವನನ್ನು ಲೆಕ್ಕಕ್ಕೇ ಇಟ್ಟಿಲ್ಲ ಅನ್ನಿಸುತ್ತೆ.

ತಿರುವಿಗೆ ಬಂದರೆ, ಓಡಿ ನಿಂತು ಹಿಂತಿರುಗುವ ಕರ್ಲ್ ಮತ್ತು ಕಮ್‌ಬ್ಯಾಕ್ ರೂಟ್ ಸಾಕು, 12ರಿಂದ 15 ಯಾರ್ಡ್ ಆಳದವು. ಓಟದ ವೇಗದಿಂದ ನಿಲ್ಲಲು ಎಷ್ಟು ಹೆಜ್ಜೆ ಬೇಕಾಯಿತು ಎಣಿಸಿ. ಪಳಗಿದವರಿಗೆ ಮೂರು. ಕಾಲೇಜಿಂದ ಬಂದವರು ಐದಾರು ಹಾಕುತ್ತಾರೆ, ಅದಕ್ಕೂ ಮೊದಲೇ ಎದೆ ಎತ್ತುತ್ತಾರೆ. ಎದೆ ಎದ್ದ ತಕ್ಷಣ ಕಾರ್ನರ್‌ಗೆ ಸುದ್ದಿ ಮುಟ್ಟುತ್ತೆ. ಆದರೆ ಹೆಜ್ಜೆ ತರಬೇತಿಯಿಂದ ಕಡಿಮೆ ಆಗುವಂಥದ್ದು. ಅದಕ್ಕೇ ಸೆಪ್ಟೆಂಬರಿನ ಪಂದ್ಯ ಒಂದು ಇರಲೇಬೇಕು ಅಂದೆ. ಆಗ ಆರಿದ್ದದ್ದು ಡಿಸೆಂಬರಿಗೆ ನಾಲ್ಕಾಗಿದ್ದರೆ ಹುಡುಗ ಕಲಿಯುತ್ತಿದ್ದಾನೆ, ಅವನ ಯಾರ್ಡ್ ಎಷ್ಟೇ ಇರಲಿ. ಸೊಂಟ ಇಳಿಯದೇ ಇರುವುದು ಬೇರೆ ವಿಷಯ. ಅದು ಮೈಕಟ್ಟಿನ ದೋಷ, ಅಭ್ಯಾಸಕ್ಕೆ ಬಗ್ಗುವುದು ಅಪರೂಪ.

ಇನ್ನು ಡ್ರಾಪ್, ಅಂದರೆ ಹಿಡಿಯಬೇಕಾದ ಚೆಂಡು ಕೈಬಿಡೋದು. ಇದರಲ್ಲೇ ಜನ ಅತಿ ಹೆಚ್ಚು ಹೆದರಿ ಅಗ್ಗಕ್ಕೆ ಮಾರೋದು. ಅರವತ್ತು ಎಸೆತಕ್ಕೆ ಐದು ಡ್ರಾಪ್ ಆದವನಿಗೂ ಮೂರು ಆದವನಿಗೂ ಇರುವ ವ್ಯತ್ಯಾಸ ಎರಡು ಚೆಂಡು, ಅಷ್ಟೇ. ಶೇಕಡಾವಾರಿನಲ್ಲಿ ಬರೆದರೆ ಭಯಂಕರ ಕಾಣುತ್ತೆ. ಎಷ್ಟು ಅಂತ ಬಿಟ್ಟು ಹೇಗೆ ಅಂತ ನೋಡಿ. ಹಿಡಿಯುವ ಮೊದಲೇ ಕಣ್ಣು ಮುಂದಿನ ಓಟಕ್ಕೆ ತಿರುಗಿ ಬಿದ್ದ ಚೆಂಡು ವಾಸಿಯಾಗುವ ಕಾಯಿಲೆ. ಅಂಗೈಯಲ್ಲಿ ಹಿಡಿಯದೆ ಎದೆಗೆ ಬಡಿಸಿಕೊಂಡು ಹಿಡಿಯುವ ಚಾಳಿ ಅರ್ಧ ವಾಸಿಯಾಗುತ್ತೆ. ಸ್ಲಾಟಿನಲ್ಲಿ ಆಡಿಸಿದರೆ ಅದರ ಕಾಟ ಇನ್ನೂ ಹೆಚ್ಚು, ಯಾಕಂದರೆ ಅಲ್ಲಿ ಚೆಂಡು ಹತ್ತಿರದಿಂದ ಜೋರಾಗಿ ಬರುತ್ತೆ. ತಲೆಯ ಮೇಲಿಂದ ಬರುವ ಉದ್ದದ ಚೆಂಡಿನ ಅಂದಾಜೇ ಸಿಗದವನು ಮಾತ್ರ ಬೇಡ.

ಜಾನ್‌ಸ್ಟನ್‌ದು ಮೊದಲೆರಡು ಬಗೆ. 2023ರಲ್ಲಿ ಚಾರ್ಜರ್ಸ್ ಪರ 38 ಕ್ಯಾಚ್, 431 ಯಾರ್ಡ್, ಜೊತೆಗೆ ಗ್ರೀನ್ ಬೇ ಎದುರಿನ ಪಂದ್ಯದ ಕೊನೆಗಳಿಗೆಯಲ್ಲಿ ಬಿಟ್ಟ ಆ ಉದ್ದದ ಚೆಂಡು. ಆ ಒಂದು ಕ್ಲಿಪ್‌ನಿಂದಲೇ ಅವನ ಬೆಲೆ ನೆಲ ಕಚ್ಚಿತು. ನಿಲ್ಲಿಸಿ ನೋಡಿ: ಕಾರ್ನರ್ ಹಿಂದೆ ಬಿದ್ದಿದ್ದಾನೆ, ಚೆಂಡು ಕೈಗೆ ಬಂದಿದೆ. ಕಾಲು ತನ್ನ ಕೆಲಸ ಮುಗಿಸಿತ್ತು, ಸೋತಿದ್ದು ಕೈ. ಮರುವರ್ಷ 55 ಕ್ಯಾಚ್, 711 ಯಾರ್ಡ್, 8 ಟಚ್‌ಡೌನ್. ಡ್ರಾಪ್ ಪೂರ್ತಿ ಹೋಗಲಿಲ್ಲ, ಹೋಗಬೇಕಾಗಿಯೂ ಇರಲಿಲ್ಲ. ಹಳೆಯ ಕೇಸ್ ಬೇಕಾದರೆ ಅಟ್ಲಾಂಟಾದ ರಾಡಿ ವೈಟ್: 2005, 2006ರಲ್ಲಿ ವರ್ಷಕ್ಕೆ ಮೂವತ್ತರಷ್ಟು ಕ್ಯಾಚ್, 2007ರಲ್ಲಿ 83 ಕ್ಯಾಚ್, 1202 ಯಾರ್ಡ್. ಅದೂ ತಂಡದ ಕ್ವಾರ್ಟರ್‌ಬ್ಯಾಕ್ ಮೈಕಲ್ ವಿಕ್ ಇಲ್ಲದ ವರ್ಷ.

ತಲೆಯ ಕೆಲಸ ಅಳೆಯೋದು ಕಷ್ಟ, ಆದರೆ ಸುಳಿವು ಸಿಗುತ್ತೆ. ಝೋನ್ (ಆಟಗಾರನನ್ನಲ್ಲ, ಜಾಗವನ್ನು ಕಾಯುವ ಕವರೇಜ್) ಎದುರು ಖಾಲಿ ಜಾಗ ಸಿಕ್ಕಾಗ ನಿಲ್ಲುತ್ತಾನಾ, ಅಥವಾ ಹೇಳಿಕೊಟ್ಟ ಗೆರೆಯಲ್ಲೇ ಓಡಿ ಇನ್ನೊಬ್ಬ ಡಿಫೆಂಡರ್‌ನ ತೆಕ್ಕೆಗೆ ಬೀಳುತ್ತಾನಾ? ಚೆಂಡು ಒಂದು ಕಡೆ, ಇವನು ಇನ್ನೊಂದು ಕಡೆ ಹೋದಾಗ ಕ್ವಾರ್ಟರ್‌ಬ್ಯಾಕ್ ಯಾರ ಕಡೆ ಕೈ ತೋರಿಸುತ್ತಾನೆ? ಫಿಲಡೆಲ್ಫಿಯಾದ ನೆಲ್ಸನ್ ಅಗೊಲೋರ್ 2016ರಲ್ಲಿ ಸಿಯಾಟಲ್ ಎದುರು ಲೈನಿನ ಮೇಲೆ ಸರಿಯಾಗಿ ನಿಲ್ಲದೆ ಜೊತೆ ಆಟಗಾರ ಝ್ಯಾಕ್ ಅರ್ಟ್ಸ್‌ನ ಟಚ್‌ಡೌನ್ ರದ್ದು ಮಾಡಿಸಿದ, ಮುಂದಿನ ಪಂದ್ಯಕ್ಕೆ ಅವನನ್ನು ಆಡಿಸಲೇ ಇಲ್ಲ. ಆ ಸೀಸನ್ 365 ಯಾರ್ಡ್. 2017ರಲ್ಲಿ ಸ್ಲಾಟಿನಲ್ಲಿ ಆಡುತ್ತಿದ್ದ ಜೋರ್ಡನ್ ಮ್ಯಾಥ್ಯೂಸ್ ಬಫಲೋಗೆ ಹೋದ ಮೇಲೆ ಇವನನ್ನು ಸ್ಲಾಟಿಗೆ ತಂದರು: 768 ಯಾರ್ಡ್, 8 ಟಚ್‌ಡೌನ್, ಸೂಪರ್ ಬೌಲಿನಲ್ಲಿ 9 ಕ್ಯಾಚ್. ಹೊರಗಡೆ ಪ್ರೆಸ್ ಎದುರು ಸೋಲುವವನಿಗೆ ಸ್ಲಾಟಿನಲ್ಲಿ ಎರಡು ಕಡೆಗೂ ದಾರಿ ಸಿಗುತ್ತೆ, ಕಾರ್ನರ್ ಮೈಮೇಲೆ ಬರುವುದೂ ಕಡಿಮೆ. ಅದಕ್ಕೇ ಎಲ್ಲಿ ನಿಂತ ಅನ್ನುವ ಕಾಲಂ ಮೊದಲಿದೆ. ಸ್ಲಾಟಿನ ಹತ್ತಿಪ್ಪತ್ತು ಸ್ನ್ಯಾಪುಗಳಲ್ಲಿ ಚೆನ್ನಾಗಿ ಬಿಡಿಸಿಕೊಂಡಿದ್ದರೆ ಮುಂದಿನ ವರ್ಷ ಆ ತಂಡದ ಸ್ಲಾಟ್ ಖಾಲಿಯಾಗುತ್ತಾ ನೋಡಿ.

ಗಾಯದ ವರ್ಷವನ್ನು ಲೆಕ್ಕದಿಂದ ತೆಗೆದುಬಿಡಿ. ಗ್ರೀನ್ ಬೇಯ ಡೇವಂಟೇ ಆಡಮ್ಸ್ 2015ರ ಶುರುವಿನಲ್ಲೇ ಕಣಕಾಲು ಉಳುಕಿಸಿಕೊಂಡು ಆಡಿದ. ತಂಡದ ಮುಖ್ಯ ರಿಸೀವರ್ ಜೋರ್ಡಿ ನೆಲ್ಸನ್ ಮೊಣಕಾಲು ಹೋಗಿ ಇಡೀ ವರ್ಷ ಹೊರಗಿದ್ದದ್ದರಿಂದ ಎದುರಾಳಿಯ ಒಳ್ಳೆಯ ಕಾರ್ನರ್‌ಗಳ ಎದುರು ನಿಲ್ಲಬೇಕಾಯಿತು. 94 ಎಸೆತಕ್ಕೆ 483 ಯಾರ್ಡ್, ಎಸೆತಕ್ಕೆ ಐದರ ಆಸುಪಾಸು. ನೆಲ್ಸನ್ ಮರಳಿದ 2016ರಲ್ಲಿ ಆಡಮ್ಸ್‌ಗೆ 997 ಯಾರ್ಡ್, 12 ಟಚ್‌ಡೌನ್. ಲೈನಿನಲ್ಲಿ ಅವನ ಕಾಲಿನ ಕೆಲಸ ಇಂದು ಎಲ್ಲರೂ ಪಾಠದ ಹಾಗೆ ನೋಡುತ್ತಾರೆ, ಅದರ ಮೊಳಕೆ 2015ರ ಟೇಪಿನಲ್ಲೇ ಇದೆ. ಆದರೆ ಗಾಯ ಮರುಕಳಿಸಿದರೆ ಈ ರಿಯಾಯಿತಿ ಇಲ್ಲ. ಶಿಕಾಗೊ 2015ರಲ್ಲಿ 7ನೆಯವನಾಗಿ ಆರಿಸಿದ ಕೆವಿನ್ ವೈಟ್‌ಗೆ ಮೊದಲ ವರ್ಷ ಕಾಲಿನ ಮೂಳೆ, ಎರಡನೇ ವರ್ಷ ಮತ್ತೆ ಕಾಲಿನ ಮೂಳೆ, ಮೂರನೇ ವರ್ಷ ಭುಜ. ಅಂಥ ಕಡೆ ನೋಡಲು ಟೇಪೇ ಇರುವುದಿಲ್ಲ.

ಅಡ್ಡದಾರಿಯ ಪ್ರಯೋಗಗಳೂ ನಡೆದಿವೆ. ನಲವತ್ತು ಯಾರ್ಡ್ ಓಟದ ಸಮಯ ಹಿಡಿದು ನೋಡಿದರೆ ಏನೂ ದಕ್ಕಲ್ಲ: ಕೆವಿನ್ ವೈಟ್ 4.35 ಸೆಕೆಂಡ್, ಆಡಮ್ಸ್ 4.56. ಬದಲಿಗೆ ಮೈದಾನದ ಗೆರೆಗಳನ್ನೇ ಹಿಡಿದು ಸ್ನ್ಯಾಪಿನಿಂದ ಹತ್ತು ಯಾರ್ಡಿಗೆ ಎಷ್ಟು ಫ್ರೇಮ್ ಬೇಕಾಯಿತು ಅಂತ ಎಣಿಸಿದೆ, ಗೋ ರೂಟಿಗೊಂದು ಸರಾಸರಿ, ಕರ್ಲ್‌ಗೊಂದು ಸರಾಸರಿ. ಸೆಕೆಂಡಿಗೆ ಮೂವತ್ತು ಫ್ರೇಮಿನ ವಿಡಿಯೋದಲ್ಲಿ ಎರಡರ ನಡುವೆ ಮೂರು ನಾಲ್ಕು ಫ್ರೇಮ್‌ಗಿಂತ ಹೆಚ್ಚು ಅಂತರ ಬಂದರೆ ಹುಡುಗ ತಿರುವಿನ ರೂಟಿನಲ್ಲಿ ಮೊದಲೇ ನಿಧಾನ ಆಗುತ್ತಾನೆ, ಕಾರ್ನರ್ ಓದಿಬಿಡುತ್ತಾನೆ. ಇದು ಕೆಲಸಕ್ಕೆ ಬಂತು, ಆದರೆ ಕಣ್ಣು ಪಳಗಿದ ಮೇಲೆ ಎಣಿಸದೆಯೂ ಕಾಣುತ್ತೆ. ಆಗಸ್ಟಿನ ಪ್ರೀಸೀಸನ್ ಪಂದ್ಯದಿಂದ ಏನೂ ಸಿಗಲ್ಲ, ಎದುರಿಗೆ ನಿಂತ ಕಾರ್ನರ್ ಮುಂದಿನ ವಾರ ತಂಡದಲ್ಲೇ ಇರಲ್ಲ. ರನ್ ಬ್ಲಾಕಿಂಗ್ (ಚೆಂಡು ಹಿಡಿದು ಓಡುವ ಜೊತೆಯವನಿಗೆ ದಾರಿ ಬಿಡಿಸಿಕೊಡೋದು) ಮಾತ್ರ ತಪ್ಪದೆ ನೋಡಿ. ಬ್ಲಾಕ್ ಮಾಡುವವನನ್ನು ಕೋಚ್ ಮೈದಾನದಲ್ಲಿ ಉಳಿಸಿಕೊಳ್ಳುತ್ತಾನೆ, ಉಳಿದವನಿಗೆ ರೂಟ್ ಸಿಗುತ್ತೆ.

ಈ ವಿಧಾನಕ್ಕೆ ಸಿಗದವರೂ ಇದ್ದಾರೆ. ಡಿವಾಂಟೆ ಪಾರ್ಕರ್ ಐದನೇ ವರ್ಷ 2019ರಲ್ಲಿ 1202 ಯಾರ್ಡ್ ಬಾರಿಸಿದ, ಎರಡನೇ ವರ್ಷದ ಟೇಪಿನಿಂದ ಅದನ್ನು ಹೇಳಲು ಯಾರಿಗೂ ಆಗುತ್ತಿರಲಿಲ್ಲ. ಬ್ರೆಶಾಡ್ ಪೆರಿಮನ್ ಅದೇ ವರ್ಷ ಟ್ಯಾಂಪಾದಲ್ಲಿ ಕೊನೆಯ ಮೂರು ಪಂದ್ಯಗಳಲ್ಲೂ ನೂರು ಯಾರ್ಡ್ ದಾಟಿದ. ಮುಂದಿದ್ದ ರಿಸೀವರ್‌ಗಳು ಗಾಯಗೊಂಡು ಎಸೆತಗಳೆಲ್ಲ ಇವನ ಕಡೆ ತಿರುಗಿದ್ದವು, ಮರುವರ್ಷ ಮತ್ತೆ ಮೊದಲಿನ ಜಾಗಕ್ಕೇ ಇಳಿದ. ಇಂಥ ಡಿಸೆಂಬರ್ ಮಿಂಚಿಗೆ ನಾನು ದುಡ್ಡು ಹಾಕಲ್ಲ, ಕೈಯಲ್ಲಿದ್ದರೆ ಜನವರಿಯಲ್ಲೇ ಮಾರುತ್ತೇನೆ.

ಬೆಲೆ ತಳ ಮುಟ್ಟುವುದು ಮಾರ್ಚ್ ಮತ್ತು ಏಪ್ರಿಲ್ ನಡುವೆ. ತಂಡ ಇನ್ನೊಬ್ಬ ರಿಸೀವರನ್ನು ಡ್ರಾಫ್ಟ್ ಮಾಡುತ್ತೆ ಅನ್ನುವ ಭಯ ಎಲ್ಲರಿಗೂ ಇರುವ ಹೊತ್ತು ಅದು. ಮೊದಲ ಸುತ್ತಿನಲ್ಲಿ ಬಂದು ಸೋತವನಿಗೆ ಎರಡನೇ ಸುತ್ತಿನ ಕೊನೆಯ ಪಿಕ್‌ಗಿಂತ ಹೆಚ್ಚು ಕೊಡಬೇಡಿ, ನಾಲ್ಕರಲ್ಲಿ ಒಬ್ಬ ಎದ್ದರೂ ಲೆಕ್ಕ ಸರಿಹೋಗುತ್ತೆ. ಕೊಳ್ಳುವಾಗ ಅವನ ಹೆಸರನ್ನು ಮೊದಲು ಎತ್ತಬಾರದು. ಬೇರೊಬ್ಬನ ವ್ಯಾಪಾರ ಮಾತಾಡಿ ಕೊನೆಗೆ "ಇವನನ್ನೂ ಸೇರಿಸಿಕೊಡಿ" ಅನ್ನಿ. ಕೊಂಡ ಮೇಲೆ ಮೂರನೇ ಸೀಸನ್ನಿನ ಆರನೇ ವಾರದವರೆಗೆ ಇಟ್ಟುಕೊಳ್ಳಿ. ಅಷ್ಟರಲ್ಲಿ ತಂಡದ ಪಾಸ್ ಆಟಗಳಲ್ಲಿ ಶೇ. 70ಕ್ಕಾದರೂ ಅವನು ರೂಟ್ ಓಡುತ್ತಿರಬೇಕು. ಓಡುತ್ತಿದ್ದರೆ ಯಾರ್ಡ್ ಬರದಿದ್ದರೂ ಇಟ್ಟುಕೊಳ್ಳಿ. ಅರ್ಧಕ್ಕಿಂತ ಕೆಳಗಿದ್ದರೆ ಅದೇ ವಾರ ಜಾಗ ಖಾಲಿ ಮಾಡಿ.