ಹೊಕ್ಕುಳಬಳ್ಳಿ, ನರ್77 ಮತ್ತು ಹಾಳಾದ ಎರಡು ತಿಂಗಳು

ದೇರಳಕಟ್ಟೆ ಕಡೆಯ ಲ್ಯಾಬಿನಲ್ಲಿ ಪಿಎಚ್‌ಡಿ ಶುರು ಮಾಡಿದಾಗ ನನ್ನ ಮೊದಲ ಕೆಲಸ ಹೊಕ್ಕುಳಬಳ್ಳಿಗಾಗಿ ಹೆರಿಗೆ ವಾರ್ಡಿನ ಫೋನಿಗೆ ಕಾಯುವುದು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವಾಗ ಒಬ್ಬರು ಅಜ್ಜಿ ಕೇಳಿದ್ದರು, "ಬಿಸಾಡುವುದರಲ್ಲಿ ನಿಮಗೆ ಎಂತ ಸಿಗ್ತದೆ ಮೇಡಂ?"

ಸಿಗುವುದು ರಕ್ತನಾಳದ ಒಳಪದರದ ಜೀವಕೋಶ. ಹೊಕ್ಕುಳಬಳ್ಳಿಯಲ್ಲಿ ಎರಡು ಅಪಧಮನಿ, ಒಂದು ಅಭಿಧಮನಿ. ಅಗಲ ಬಾಯಿಯ, ತೆಳು ಗೋಡೆಯ ಆ ಅಭಿಧಮನಿಗೆ ಕೊಳವೆ ತೂರಿಸಿ, ದಾರದಿಂದ ಬಿಗಿದು, ರಕ್ತ ತೊಳೆದು ಕೊಲಾಜಿನೇಸ್ (ಕೋಶಗಳನ್ನು ಗೋಡೆಯಿಂದ ಬಿಡಿಸುವ ಕಿಣ್ವ) ತುಂಬಿಸಿ 37 ಡಿಗ್ರಿಯಲ್ಲಿ ಇಡಬೇಕು. ಸ್ವಲ್ಪ ಹೊತ್ತು ಜಾಸ್ತಿ ಬಿಟ್ಟರೆ ಕೆಳಗಿನ ನಯ ಸ್ನಾಯುವಿನ ಕೋಶಗಳೂ ಎದ್ದು ಬರುತ್ತವೆ, ಆಮೇಲೆ ಅವುಗಳದ್ದೇ ರಾಜ್ಯ. ಸರಿಯಾಗಿ ಬಂದರೆ ಕೆಲವೇ ದಿನಗಳಲ್ಲಿ ಫ್ಲಾಸ್ಕಿನ ತಳದಲ್ಲಿ ಕಲ್ಲು ಹಾಸಿದ ಅಂಗಳದ ಹಾಗೆ ಕಾಣುತ್ತದೆ. (ಜುಲೈಯ ಮಳೆಗೆ ಬೂಸ್ಟು ಹಿಡಿದ ಫ್ಲಾಸ್ಕುಗಳ ಕಥೆ ಬೇಡ.)

ಈ ಕೋಶಗಳಲ್ಲಿ ನನಗೆ ಬೇಕಿದ್ದದ್ದು ನರ್77 (Nur77). ಇದು ಅನಾಥ ರಿಸೆಪ್ಟರ್. ರಿಸೆಪ್ಟರ್ ಅಂದರೆ ಹಾರ್ಮೋನು ಬಂದು ಕೂರುವ ಪ್ರೋಟೀನ್; ಅನಾಥ ಅಂದರೆ ಇದಕ್ಕೆ ಹೊಂದುವ ಹಾರ್ಮೋನು ಯಾವುದೆಂದು ಗೊತ್ತಿಲ್ಲದೆಯೇ ಸಿಕ್ಕಿದ್ದು. ಇದೇ ಕುಟುಂಬದ ನರ್1ರ (Nurr1) ರಚನೆ 2003ರಲ್ಲಿ ಹೊರಬಂದಾಗ, ಹಾರ್ಮೋನು ಕೂರಬೇಕಾದ ಜಾಗ ಅದರದ್ದೇ ಅಮೈನೋ ಆಮ್ಲಗಳಿಂದ ತುಂಬಿಹೋಗಿತ್ತು. ಹಾಗಾಗಿ ಇಲ್ಲಿ ಹಾರ್ಮೋನಿಗಿಂತ ಮುಖ್ಯ, ಕೋಶ ಎಷ್ಟು ನರ್77 ತಯಾರಿಸುತ್ತದೆ, ಯಾವಾಗ ತಯಾರಿಸುತ್ತದೆ ಅನ್ನುವುದು.

ಇದನ್ನು ಓದಿದ್ದೆ, ಆದರೂ ವಿಇಜಿಎಫ್ (ರಕ್ತನಾಳ ಬೆಳೆಸುವ ಪ್ರೋಟೀನ್) ಹಾಕಿ, ನರ್77 ಏರಿದೆಯೇ ನೋಡಲು ಸುಮ್ನೆ 6 ಮತ್ತು 24 ಗಂಟೆಯ ಬಳಿಕ ಆರ್‌ಎನ್‌ಎ ತೆಗೆದೆ. ಏನೂ ಇಲ್ಲ. ಪ್ರೈಮರ್ (ಅಳೆಯಬೇಕಾದ ಜೀನನ್ನು ಗುರುತಿಸುವ ಡಿಎನ್‌ಎ ತುಣುಕು), ಕೊನೆಗೆ ಬಾಟಲಿ ನೀರಿನ ಮೇಲೂ ಸಂಶಯಪಟ್ಟೆ. ಎರಡು ತಿಂಗಳು ಹೀಗೇ ಹೋಯಿತು. ನರ್77 ಬೇಗ ಎದ್ದು ಬೇಗ ಇಳಿಯುತ್ತದೆ. ಆಮೇಲೆ 1 ಗಂಟೆಯ ಬಳಿಕ ತೆಗೆದೆ, ಗ್ರಾಫಿನ ಬಾರ್ ಮೇಲಕ್ಕೆ ಹಾರಿತು, ಆದರೆ ವಿಇಜಿಎಫ್ ಹಾಕದ ಕಂಟ್ರೋಲಿನಲ್ಲೂ ಹಾರಿತ್ತು!

ಸೀನಿಯರ್ ಅಕ್ಕ ಒಂದೇ ಮಾತು ಕೇಳಿದರು, "ಮೀಡಿಯಾ (ಕೋಶ ಬೆಳೆಸುವ ದ್ರವ) ಬದಲಿಸಿದ್ಯಾ?"

ಬದಲಿಸಿದ್ದೆ, ಸೀರಮ್ (ರಕ್ತದ ತಿಳಿ ಭಾಗ) ಇರುವ ಹೊಸ ಮೀಡಿಯಾ. ಸೀರಮ್ ಒಂದೇ ಸಾಕು ನರ್77 ಏಳಲು. ಈಗ ಹಿಂದಿನ ರಾತ್ರಿಯೇ ಸೀರಮ್ ಕಡಿಮೆ ಮಾಡಿಡುತ್ತೇನೆ, ಮರುದಿನ ಮೀಡಿಯಾ ಮುಟ್ಟದೆ ಕೆಲವೇ ಮೈಕ್ರೋಲೀಟರ್ ವಿಇಜಿಎಫ್ ಬಿಡುತ್ತೇನೆ, ಕಂಟ್ರೋಲಿಗೆ ಅಷ್ಟೇ ಬಫರ್. ಆರ್‌ಎನ್‌ಎ ತೆಗೆಯುವುದು 0, 30, 60, 120 ನಿಮಿಷಕ್ಕೆ. ಆ ಎರಡು ಗಂಟೆ ಕ್ಯಾಂಟೀನಿನಲ್ಲಿ ಬಿಸಿ ಬನ್ಸ್ ಇದ್ದರೂ ನಾನು ಹೋಗುವುದಿಲ್ಲ.