ಚರ್ಚ್ ಯುವಜನರ ರಾತ್ರಿ ಶಿಬಿರ: ಬೇಕೇ ಬೇಡವೇ, ಬೇಕಾದರೆ ಹೇಗೆ?

ರಾತ್ರಿ ಎಚ್ಚರವಿದ್ದು ಪ್ರಾರ್ಥಿಸುವುದು ಕರಾವಳಿಯ ಚರ್ಚ್‌ಗಳಿಗೆ ಹೊಸದಲ್ಲ. ಈಸ್ಟರ್‌ಗೆ ಮುಂಚಿನ ಪವಿತ್ರ ಗುರುವಾರದ ಬಲಿಪೂಜೆಯ (ಮಾಸ್) ಬಳಿಕ ಕಥೋಲಿಕರು ಸರದಿಯ ಪ್ರಕಾರ ಪರಮಪ್ರಸಾದದ (ಪೂಜೆಯಲ್ಲಿ ಅರ್ಪಿಸಿದ ಪವಿತ್ರ ರೊಟ್ಟಿಯ) ಮುಂದೆ ಕುಳಿತು ಆರಾಧಿಸುತ್ತಾರೆ. ಅನೇಕ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ವರ್ಷದ ಕೊನೆಯ ರಾತ್ರಿಯ ಆರಾಧನೆ ಹನ್ನೆರಡು ಗಂಟೆ ದಾಟಿ ಮುಗಿಯುತ್ತದೆ. ಪೋಪ್ ಎರಡನೇ ಜಾನ್ ಪಾಲ್ ಅವರು 1980ರ ದಶಕದಲ್ಲಿ ಆರಂಭಿಸಿದ ವಿಶ್ವ ಯುವ ದಿನಾಚರಣೆಯಲ್ಲಿಯೂ ಯುವಜನರು ಶನಿವಾರ ರಾತ್ರಿ ಜಾಗರಣೆ ಮಾಡಿ, ಬಯಲಿನಲ್ಲಿಯೇ ಮಲಗಿ, ಭಾನುವಾರದ ಬಲಿಪೂಜೆಯಲ್ಲಿ ಪಾಲ್ಗೊಳ್ಳುತ್ತಾರೆ. ಆದರೆ ಹಿರಿಯರ ಜತೆ ಚರ್ಚಿಗೆ ಬಂದು ಮನೆಗೆ ಮರಳುವುದಕ್ಕೂ, ಐಸಿವೈಎಂ (ಕಥೋಲಿಕ ಯುವಜನರ ಸಂಘಟನೆ) ಅಥವಾ ವೈಸಿಎಸ್ (ವಿದ್ಯಾರ್ಥಿಗಳ ಸಂಘಟನೆ) ಘಟಕವೊಂದು ಮೂವತ್ತು ನಲವತ್ತು ಮಕ್ಕಳನ್ನು ಶನಿವಾರ ಸಂಜೆಯಿಂದ ಭಾನುವಾರ ಬೆಳಿಗ್ಗೆಯವರೆಗೆ ತನ್ನ ಹೊಣೆಯಲ್ಲಿ ಇರಿಸಿಕೊಳ್ಳುವುದಕ್ಕೂ ಬಹಳ ವ್ಯತ್ಯಾಸವಿದೆ.

ಮೊದಲು ತೀರ್ಮಾನಿಸಬೇಕಾದದ್ದು: ರಾತ್ರಿಯೇ ಏಕೆ?

ಈ ಪ್ರಶ್ನೆಗೆ ಪದಾಧಿಕಾರಿಗಳು, ಸಚೇತಕರು (ಘಟಕಕ್ಕೆ ಮಾರ್ಗದರ್ಶನ ನೀಡುವ ಹಿರಿಯರು) ಮತ್ತು ಧರ್ಮಗುರುಗಳು ಒಟ್ಟಿಗೆ ಕುಳಿತು ಉತ್ತರ ಕಂಡುಕೊಳ್ಳಬೇಕು. ರಾತ್ರಿಯಿಂದ ಮಾತ್ರ ದೊರೆಯುವ ಒಂದು ಒಳಿತು ನಿಜವಾಗಿಯೂ ಇದೆ. ಭಾನುವಾರದ ಪೂಜೆಯ ನಂತರ ಅರ್ಧ ಗಂಟೆಯಲ್ಲಿ ಮುಗಿಯುವ ಸಭೆಯಲ್ಲಿ ಬಾಯಿ ಬಿಡದ ಹುಡುಗ, ಊಟವಾಗಿ ಪಾತ್ರೆ ತೊಳೆಯುತ್ತಾ ಗೆಳೆಯರ ನಡುವೆ ಇದ್ದಾಗ, ಮನೆಯ ಸಾಲದ ಬಗ್ಗೆಯೋ ಪರೀಕ್ಷೆಯ ಭಯದ ಬಗ್ಗೆಯೋ ಮಾತನಾಡತೊಡಗುತ್ತಾನೆ. ಮೊಬೈಲನ್ನು ಬದಿಗಿಟ್ಟು, ಮೇಣದ ಬತ್ತಿಯ ಬೆಳಕಿನಲ್ಲಿ ಒಂದು ಗಂಟೆ ಮೌನವಾಗಿ ಕುಳಿತುಕೊಳ್ಳುವ ಅವಕಾಶ ಅವನಿಗೆ ಹಗಲಿನಲ್ಲಿ ಸಿಗುವುದು ಕಷ್ಟ. ಬೇರೆ ಬೇರೆ ವಾಳೆಗಳ (ಚರ್ಚಿನ ವಾರ್ಡ್‌ಗಳ), ಬೇರೆ ಬೇರೆ ಶಾಲೆಗಳ ಮಕ್ಕಳು ಪರಸ್ಪರ ಹೆಸರು ಹಿಡಿದು ಕರೆಯುವಷ್ಟು ಹತ್ತಿರವಾಗುವುದೂ ಇಂಥ ಜತೆವಾಸದಲ್ಲಿಯೇ.

ಕಾರ್ಯಕ್ರಮದ ಪಟ್ಟಿಯಲ್ಲಿ ಆಟ, ಸಿನಿಮಾ ಮತ್ತು ನೃತ್ಯ ಮಾತ್ರ ಇದ್ದರೆ ಅವುಗಳಿಗೆ ರಾತ್ರಿ ಬೇಕಾಗಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಆರಂಭಿಸಿ ರಾತ್ರಿಯ ಊಟದೊಂದಿಗೆ ಮುಗಿಸುವ ಒಂದು ದಿನದ ಶಿಬಿರವೇ ಸಾಕು. ಅದರಲ್ಲಿ ಖರ್ಚೂ ಕಡಿಮೆ, ಅಪಾಯವೂ ಕಡಿಮೆ. ಇನ್ನೊಂದು ವಿಷಯವನ್ನು ನಮ್ಮಲ್ಲಿ ಅನೇಕರು ಗಮನಿಸುವುದಿಲ್ಲ: ಹೆಣ್ಣುಮಕ್ಕಳನ್ನು ರಾತ್ರಿ ಹೊರಗೆ ಉಳಿಯಲು ಬಿಡದ ಮನೆಗಳು ಪ್ರತಿ ಊರಿನಲ್ಲಿಯೂ ಇವೆ. ಘಟಕದ ಅರ್ಧದಷ್ಟು ಹುಡುಗಿಯರು ಬರಲಾಗದ ಶಿಬಿರವು ಘಟಕವನ್ನು ಒಗ್ಗೂಡಿಸುವ ಬದಲು ಒಡೆಯುತ್ತದೆ. ಆದ್ದರಿಂದ ದಿನಾಂಕ ಗೊತ್ತುಪಡಿಸುವ ಮೊದಲೇ ಯಾರು ಬರಬಲ್ಲರು ಎಂಬುದನ್ನು ಮನೆಮನೆಗೆ ಹೋಗಿ ಕೇಳಿ ತಿಳಿಯಬೇಕು; ಈ ಕೆಲಸದಲ್ಲಿ ವಾಳೆಯ ಮುಖ್ಯಸ್ಥರಾದ ಗುರಿಕಾರರ ನೆರವು ದೊಡ್ಡದು.

ದಿನಾಂಕ ಮತ್ತು ಜಾಗ

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲವನ್ನೂ, ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿ ಪರೀಕ್ಷೆಗಳ ಹಿಂದಿನ ವಾರಗಳನ್ನೂ ಬಿಟ್ಟುಬಿಡುವುದು ಒಳ್ಳೆಯದು. ದಸರಾ ರಜೆ ಅನುಕೂಲಕರ. ಮೊದಲ ಶಿಬಿರಕ್ಕೆ ಚರ್ಚಿನ ಸಭಾಂಗಣ ಅಥವಾ ಶಾಲೆಯ ಕಟ್ಟಡವೇ ಸೂಕ್ತ. ದೂರದ ಬೆಟ್ಟ, ಜಲಪಾತ ಅಥವಾ ಕಡಲತೀರಕ್ಕೆ ಕರೆದೊಯ್ದರೆ ನೀರಿನ ಮತ್ತು ಪ್ರಯಾಣದ ಅಪಾಯಗಳು ಸೇರಿಕೊಳ್ಳುತ್ತವೆ. ಶೌಚಾಲಯಗಳಿಗೆ ಹೋಗುವ ದಾರಿಯಲ್ಲಿ ದೀಪವಿದೆಯೇ ಎಂದು ಹಿಂದಿನ ದಿನ ಕತ್ತಲಾದ ಮೇಲೆ ನಡೆದು ನೋಡಬೇಕು.

ಹಿರಿಯರ ಲೆಕ್ಕ

ಇಡೀ ಯೋಜನೆ ನಿಲ್ಲುವುದೂ ಬೀಳುವುದೂ ಇಲ್ಲಿಯೇ. ಎಂಟು ಮಕ್ಕಳಿಗೆ ಒಬ್ಬ ಹಿರಿಯರಾದರೂ ಇರಬೇಕೆಂಬುದು ನನ್ನ ಅಭಿಪ್ರಾಯ; ಅವರಲ್ಲಿ ಮಹಿಳೆಯರೂ ಪುರುಷರೂ ಇರಲೇಬೇಕು. ವಯಸ್ಸು ಇಪ್ಪತ್ತು ದಾಟಿದ್ದರೂ ಘಟಕದ ಅಧ್ಯಕ್ಷರನ್ನು ಹಿರಿಯರ ಲೆಕ್ಕಕ್ಕೆ ಸೇರಿಸಬಾರದು, ಏಕೆಂದರೆ ಕಾರ್ಯಕ್ರಮ ನಡೆಸುವವರು ಕಾವಲಿನ ಕಡೆಗೆ ಗಮನ ಕೊಡಲಾರರು. ಹಿರಿಯರೊಬ್ಬರು ಒಂದು ಮಗುವಿನೊಂದಿಗೆ ಮುಚ್ಚಿದ ಕೋಣೆಯಲ್ಲಿ ಒಂಟಿಯಾಗಿ ಇರಬಾರದು. ಈ ನಿಯಮ ಧರ್ಮಗುರುಗಳಿಗೂ ಸಿಸ್ಟರ್‌ಗಳಿಗೂ ಸಮಾನವಾಗಿ ಅನ್ವಯಿಸಬೇಕು. ಪಾಪನಿವೇದನೆಯನ್ನು (ಧರ್ಮಗುರುಗಳ ಮುಂದೆ ಒಬ್ಬೊಬ್ಬರೇ ತಪ್ಪೊಪ್ಪಿಕೊಳ್ಳುವುದನ್ನು) ಮಾತು ಕೇಳಿಸದಷ್ಟು ದೂರದಿಂದ ಎಲ್ಲರಿಗೂ ಕಾಣುವ ಜಾಗದಲ್ಲಿಯೇ ಏರ್ಪಡಿಸಬಹುದು.

ಇದನ್ನು ಅಪನಂಬಿಕೆಯೆಂದು ಯಾರೂ ಬೇಸರಪಟ್ಟುಕೊಳ್ಳಬೇಕಾಗಿಲ್ಲ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರೆಲ್ಲರೂ ಮಕ್ಕಳೇ. ಧಾರ್ಮಿಕ ಸಂಸ್ಥೆಯ ಆಡಳಿತದಲ್ಲಿರುವವರು ಅಥವಾ ಸಿಬ್ಬಂದಿ ಅಲ್ಲಿ ಎಸಗುವ ಲೈಂಗಿಕ ದೌರ್ಜನ್ಯವನ್ನು ಆ ಕಾಯ್ದೆ ಹೆಚ್ಚು ಗಂಭೀರ ಅಪರಾಧವೆಂದು ಪರಿಗಣಿಸುತ್ತದೆ. ಇಂಥ ಕೃತ್ಯ ನಡೆದಿದೆಯೆಂದು ತಿಳಿದೂ ಪೊಲೀಸರಿಗೆ ತಿಳಿಸದಿರುವುದು ಶಿಕ್ಷಾರ್ಹ. ಚರ್ಚಿನ ಮಾನ ಹೋಗುತ್ತದೆಂಬ ಕಾರಣಕ್ಕೆ ದೂರನ್ನು ಒಳಗೊಳಗೇ ಮುಗಿಸುವ ಅಧಿಕಾರ ಧರ್ಮಗುರುಗಳಿಗಾಗಲಿ ಪಾಲನಾ ಮಂಡಳಿಗಾಗಲಿ ಇಲ್ಲ. ಮಕ್ಕಳ ಸಹಾಯವಾಣಿ 1098 ಎಂಬುದನ್ನು ಸಭಾಂಗಣದ ಗೋಡೆಯ ಮೇಲೆ ದೊಡ್ಡದಾಗಿ ಬರೆದು ಅಂಟಿಸಿ, ಆರಂಭದಲ್ಲಿಯೇ ಮಕ್ಕಳಿಗೆ ತಿಳಿಸಬೇಕು. ಬೇಕಾದಷ್ಟು ಹಿರಿಯರು ಸಿಗದಿದ್ದರೆ ರಾತ್ರಿ ಶಿಬಿರವನ್ನು ಕೈಬಿಟ್ಟು ಹಗಲಿನ ಶಿಬಿರ ಮಾಡಬೇಕು. ಇದರಲ್ಲಿ ರಾಜಿ ಸಲ್ಲದು.

ಒಪ್ಪಿಗೆ ಪತ್ರ ಮತ್ತು ಹಣ

ಹೆತ್ತವರ ಸಹಿಯಿರುವ ಪತ್ರದಲ್ಲಿ ತುರ್ತು ಫೋನ್ ಸಂಖ್ಯೆ, ಮಗುವಿಗಿರುವ ಕಾಯಿಲೆ, ಸೇವಿಸುವ ಔಷಧಿ, ಒಗ್ಗದ ಆಹಾರ ಹಾಗೂ ಮರುದಿನ ಮಗುವನ್ನು ಕರೆದೊಯ್ಯುವವರ ಹೆಸರು ಇರಬೇಕು. ಶುಲ್ಕ ಕೊಡಲಾಗದವರು ತಮ್ಮ ಕಷ್ಟವನ್ನು ಗೆಳೆಯರ ಮುಂದೆ ಹೇಳಿಕೊಳ್ಳುವಂತಾಗಬಾರದು. ಧರ್ಮಗುರುಗಳೊಬ್ಬರಿಗೆ ಮಾತ್ರ ತಿಳಿಯುವ ವ್ಯವಸ್ಥೆ ಇದ್ದರೆ ಸಾಕು.

ರಾತ್ರಿಯ ವೇಳಾಪಟ್ಟಿ

ಇಡೀ ರಾತ್ರಿ ಕಣ್ಣು ಮುಚ್ಚದಂತೆ ಮಾಡುವುದೇ ಶಿಬಿರದ ಸೊಗಸು ಎಂಬ ಭಾವನೆ ಯುವಜನರಲ್ಲಿ ಇದೆ. ನಾನು ಅದನ್ನು ಒಪ್ಪುವುದಿಲ್ಲ. ಹದಿಹರೆಯದವರಿಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆಗಳ ನಿದ್ದೆ ಬೇಕು. ನಿದ್ದೆಗೆಟ್ಟ ಮಕ್ಕಳು ಭಾನುವಾರದ ಬಲಿಪೂಜೆಯಲ್ಲಿ ತೂಕಡಿಸಿದರೆ ಶಿಬಿರದ ಉದ್ದೇಶವೇ ಕೆಡುತ್ತದೆ. ಆರು ಗಂಟೆಗೆ ಆಟ, ಎಂಟಕ್ಕೆ ಊಟ, ಒಂಬತ್ತಕ್ಕೆ ಸಣ್ಣ ಗುಂಪುಗಳಲ್ಲಿ ಮಾತುಕತೆ, ಹತ್ತೂವರೆಗೆ ಮೌನ ಆರಾಧನೆ, ಹನ್ನೊಂದೂವರೆಗೆ ಮಲಗುವುದು ಎಂಬ ಕ್ರಮವನ್ನು ಇಟ್ಟುಕೊಳ್ಳಬಹುದು. ಗುಂಪಿನ ಮಾತುಕತೆಗೆ ಕೊಟ್ಟ ಸಮಯವನ್ನು ಆಟಕ್ಕಾಗಿ ಕತ್ತರಿಸಬಾರದು. ಧ್ವನಿವರ್ಧಕದ ವಿಷಯದಲ್ಲಿ ಎಚ್ಚರ ಅಗತ್ಯ: 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ತೆರೆದ ಜಾಗದಲ್ಲಿ ಅದನ್ನು ಬಳಸುವಂತಿಲ್ಲ, ನೆರೆಮನೆಯವರ ನಿದ್ದೆಗೂ ಬೆಲೆಯಿದೆ.

ಹುಡುಗರಿಗೂ ಹುಡುಗಿಯರಿಗೂ ಪ್ರತ್ಯೇಕ ಕೋಣೆಗಳಿರಬೇಕು. ಹಿರಿಯರು ಇಬ್ಬಿಬ್ಬರಾಗಿ ಸರದಿಯಲ್ಲಿ ಕೋಣೆಯ ಹೊರಗೆ ಎಚ್ಚರವಿರಬೇಕು. ಅಸ್ವಸ್ಥರಾದವರನ್ನು ಕರೆದೊಯ್ಯಲು ಒಂದು ಕಾರು ಮತ್ತು ನಿದ್ದೆ ಮಾಡಿದ ಒಬ್ಬ ಚಾಲಕರು ಸಿದ್ಧರಿರಬೇಕು. 108ರ ಆಂಬುಲೆನ್ಸ್ ಬರುವವರೆಗೆ ಕಾಯಲಾಗದ ಸಂದರ್ಭ ಬಂದೀತು.

ಬೆಳಿಗ್ಗೆ ಮನೆಗೆ ಕಳುಹಿಸುವುದು

ನನಗೆ ಅತಿ ಹೆಚ್ಚು ಆತಂಕ ತರುವ ಗಳಿಗೆ ಇದು. ಅರೆನಿದ್ದೆಯ ಯುವಕರು ಬೈಕ್ ಏರಿ ಹೆದ್ದಾರಿಗೆ ಇಳಿಯುತ್ತಾರೆ. ಬೈಕ್ ಮತ್ತು ಸ್ಕೂಟರ್‌ಗಳ ಕೀಲಿಗಳನ್ನು ಶನಿವಾರ ಸಂಜೆಯೇ ಸಂಗ್ರಹಿಸಿ, ಪೂಜೆ ಮತ್ತು ಸಜ್ಜಿಗೆ-ಬಜಿಲಿನ ಉಪಾಹಾರ ಮುಗಿದ ಮೇಲೆ, ಸರಿಯಾಗಿ ಮಲಗಿದವರಿಗೆ ಮಾತ್ರ ಮರಳಿಸಬೇಕು; ಉಳಿದವರನ್ನು ಮನೆಯವರು ಬಂದು ಕರೆದೊಯ್ಯಲಿ. ಹದಿನೆಂಟು ತುಂಬದವರನ್ನು ಒಪ್ಪಿಗೆ ಪತ್ರದಲ್ಲಿ ಹೆಸರಿಸಿದವರ ಕೈಗೇ ಒಪ್ಪಿಸಿ, ಹಾಜರಿ ಪಟ್ಟಿಯಲ್ಲಿ ಸಹಿ ಪಡೆಯಬೇಕು. ಆ ಪಟ್ಟಿಯಲ್ಲಿ ಕೊನೆಯ ಹೆಸರಿಗೂ ಸಹಿ ಬೀಳುವವರೆಗೆ ಸಚೇತಕರಲ್ಲಿ ಇಬ್ಬರಾದರೂ ಚರ್ಚ್ ಆವರಣವನ್ನು ಬಿಟ್ಟು ಹೋಗಬಾರದು.